ಮಲಗುವವರನ್ನು ಕೇಳಿ ಕಟ್ಟುವ ಸೂರು

ಹೈದರಾಬಾದಿನ ಹಿಮಾಯತ್‌ನಗರದಿಂದ ಲಿಬರ್ಟಿ ಚೌಕ ದಾಟಿ ಲೋಯರ್ ಟ್ಯಾಂಕ್‌ಬಂಡ್ ಕಡೆಗೆ ಹೊರಟರೆ, ನಡೆದು ಹೋಗುವಷ್ಟು ದೂರದಲ್ಲೇ ಮಹಾನಗರ ಪಾಲಿಕೆಯ ಪ್ರಧಾನ ಕಚೇರಿ ಸಿಗುತ್ತದೆ. ಇನ್ನೊಂದು ದಿಕ್ಕಿಗೆ ತಿರುಗಿದರೆ ಕಿಂಗ್‌ಕೋಠಿ ಆಸ್ಪತ್ರೆ, ನಾರಾಯಣಗುಡ ಮೇಲ್ಸೇತುವೆ, ಮೆಟ್ರೊ ಕಂಬಗಳ ಸಾಲು, ಇನ್ನಷ್ಟು ಮುಂದೆ ಕಾಚಿಗುಡ ರೈಲು ನಿಲ್ದಾಣ. ಆಸ್ಪತ್ರೆ, ನಿಲ್ದಾಣ, ಮದುವೆ ಮಂಟಪ, ದೇವಸ್ಥಾನ, ಬೆಳಗಾದರೆ ಕೂಲಿಯವರು ಸೇರುವ ಅಡ್ಡಾ ಇವೆಲ್ಲ ಹತ್ತಿರ ಹತ್ತಿರ ಇರುವ ಕಡೆ ಸೂರಿಲ್ಲದವರೂ ಇರುತ್ತಾರೆ. ಕೆಲಸ, ಊಟ, ನೀರು, ರಾತ್ರಿಯ ಬೆಳಕು ಒಂದೇ ಸುತ್ತಿನಲ್ಲಿ ಸಿಗುವ ಜಾಗವನ್ನು ಅವರು ಲೆಕ್ಕ ಹಾಕಿಯೇ ಆರಿಸಿಕೊಂಡಿರುತ್ತಾರೆ. ನಗರದ ಯೋಜನೆಗಳಲ್ಲಿ ಮಾತ್ರ ಈ ಲೆಕ್ಕಕ್ಕೆ ಜಾಗವೇ ಇಲ್ಲ. ಸೂರಿಲ್ಲದವರ ಸಮಸ್ಯೆ ಬಗೆಹರಿಯದಿರುವುದಕ್ಕೆ ಹಣದ ಕೊರತೆ, ಜಾಗದ ಕೊರತೆ ಎಂದು ಕಾರಣ ಕೊಡುವುದು ರೂಢಿ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ: ರಾತ್ರಿ ಅಲ್ಲಿ ಮಲಗುವವರನ್ನೂ ಹಗಲು ಅಲ್ಲಿ ಬಾಳುವವರನ್ನೂ ಒಂದೇ ಬೀದಿಯ ಜನ ಎಂದು ಕೂಡಿಸಿ ಯಾರೂ ಕೇಳಿಲ್ಲ.

ನಿಯಮದ ಪುಸ್ತಕದಲ್ಲಂತೂ ಕೊರತೆಯಿಲ್ಲ. 2009ರ ಡಿಸೆಂಬರ್‌ನ ಕೊರೆಯುವ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯ ರಾತ್ರಿ ತಂಗುದಾಣವನ್ನು ಕೆಡವಿದ ಮೇಲೆ ಸಾವುಗಳಾದವು. ಆಹಾರದ ಹಕ್ಕಿಗಾಗಿ 2001ರಿಂದ ನಡೆಯುತ್ತಿದ್ದ ಮೊಕದ್ದಮೆಯಲ್ಲಿ 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನೂ ಕೈಗೆತ್ತಿಕೊಂಡಿತು. ಪ್ರತಿ ಒಂದು ಲಕ್ಷ ನಗರವಾಸಿಗಳಿಗೆ ಒಂದು ತಂಗುದಾಣ, ಅದೂ ಚಳಿಗಾಲಕ್ಕೆ ಮಾತ್ರವಲ್ಲದೆ ವರ್ಷವಿಡೀ, ದಿನದ 24 ಗಂಟೆ ತೆರೆದಿರಬೇಕು ಎಂಬ ಮಾನದಂಡ ಅಲ್ಲಿಂದ ಬಂತು. 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಇದನ್ನು ಯೋಜನೆಯ ರೂಪಕ್ಕಿಳಿಸಿತು: ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವ ಕಾಯಂ ವ್ಯವಸ್ಥೆ, ತಲೆಗೆ ಕನಿಷ್ಠ 50 ಚದರ ಅಡಿ, ಸೂರಿಲ್ಲದವರು ಹೆಚ್ಚಿರುವ ಮತ್ತು ಕೆಲಸ ಮಾಡುವ ಜಾಗಕ್ಕೆ ಹತ್ತಿರದಲ್ಲಿ ಕಟ್ಟಡ, ಅದನ್ನು ನೋಡಿಕೊಳ್ಳಲು ನಿರ್ವಹಣಾ ಸಮಿತಿ. 2011ರ ಜನಗಣತಿಯ ಪ್ರಕಾರ ಗ್ರೇಟರ್ ಹೈದರಾಬಾದ್ ಪಾಲಿಕೆಯ ಜನಸಂಖ್ಯೆ ಸುಮಾರು 67 ಲಕ್ಷ. ಅಂದರೆ ಆ ಹಳೆಯ ಎಣಿಕೆಗೇ 67 ತಂಗುದಾಣಗಳು ಬೇಕಿದ್ದವು. ಪಾಲಿಕೆ ನಡೆಸುತ್ತ ಬಂದಿರುವ ತಂಗುದಾಣಗಳು ಅದರ ಅರ್ಧವನ್ನೂ ಮುಟ್ಟಿಲ್ಲ.

ಸಂಖ್ಯೆ ಮುಟ್ಟಿದರೂ ಕೆಲಸ ಮುಗಿಯುವುದಿಲ್ಲ. ಸೂರಿಲ್ಲದವರು ಎಂಬ ಒಂದು ಹೆಸರಿನಡಿ ಬೇರೆ ಬೇರೆ ಬದುಕುಗಳಿವೆ. ಮದುವೆ ಮಂಟಪದಲ್ಲಿ ಬಡಿಸಿ, ಪಾತ್ರೆ ತೊಳೆದು ಹೊರಬೀಳುವ ಕೇಟರಿಂಗ್ ಕೆಲಸಗಾರನಿಗೆ ಬಿಡುವಾಗುವುದು ನಡುರಾತ್ರಿಯ ಮೇಲೆ. ಹತ್ತು ಗಂಟೆಗೆ ಬಾಗಿಲು ಹಾಕುವ ತಂಗುದಾಣ ಇದ್ದರೂ ಅವನ ಪಾಲಿಗೆ ಇಲ್ಲ. ಚಿಂದಿ ಆಯುವ ಹೆಂಗಸಿಗೆ ಮೂಟೆ ಇಡಲು ಜಾಗ ಬೇಕು. ಗಂಡಸರಿಗೊಂದು, ಹೆಂಗಸರಿಗೊಂದು ಕಟ್ಟಡ ಎಂದರೆ ಮಕ್ಕಳಿರುವ ಸಂಸಾರ ಒಡೆದು ಮಲಗಬೇಕಾಗುತ್ತದೆ. ಆಗ ಅವರು ಫುಟ್‌ಪಾತನ್ನೇ ಆರಿಸಿಕೊಳ್ಳುತ್ತಾರೆ. ಹೈದರಾಬಾದಿನಲ್ಲಿ ಇನ್ನೊಂದು ದೊಡ್ಡ ಗುಂಪಿದೆ, ರೋಗಿಗಳ ಜೊತೆಗೆ ಬಂದವರದು. ನಿಮ್ಸ್, ಉಸ್ಮಾನಿಯಾ, ನಿಲೋಫರ್, ರೆಡ್‌ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಗಳಿಗೆ ತೆಲಂಗಾಣದ ಜಿಲ್ಲೆಗಳಿಂದ ಬರುವಂತೆ ನಮ್ಮ ರಾಯಚೂರು, ಬೀದರ್, ಕಲಬುರಗಿ, ಯಾದಗಿರಿಗಳಿಂದಲೂ ಬರುತ್ತಾರೆ. ರೋಗಿಗೆ ಒಳಗೆ ಮಂಚ ಸಿಕ್ಕೀತು, ಜೊತೆಗೆ ಬಂದವರಿಗೆ ಗೇಟಿನ ಹೊರಗಿನ ಕಟ್ಟೆಯೇ ಗತಿ. ಊರಲ್ಲಿ ಮನೆಯಿರುವ ಇವರು ಆ ಹದಿನೈದು ದಿನ, ಒಂದು ತಿಂಗಳು ನಗರದಲ್ಲಿ ಸೂರಿಲ್ಲದವರು. ಪಾಲಿಕೆ ಕೆಲವು ಆಸ್ಪತ್ರೆಗಳ ಪಕ್ಕದಲ್ಲಿ ತಂಗುದಾಣ ಕಟ್ಟಿರುವುದು ಈ ಗುಂಪನ್ನು ಗುರುತಿಸಿದ್ದರಿಂದಲೇ. ಗುರುತಿಸಿದ ಕಡೆ ಕಟ್ಟಡ ಸರಿಯಾದ ಜಾಗದಲ್ಲಿ ಎದ್ದಿತು ಎಂಬುದನ್ನು ಗಮನಿಸಬೇಕು.

ಕೇಳುವುದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ನಲವತ್ತು ವರ್ಷಗಳ ಹಿಂದಿನ ಗಟ್ಟಿ ನಿದರ್ಶನವಿದೆ. ಬೀದಿವಾಸಿಗಳ ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಹೇಳಿದ್ದು 1985ರ ಜುಲೈನಲ್ಲಿ. ಅದೇ ತೀರ್ಪು ನೋಟಿಸ್ ಕೊಟ್ಟು ಅವರನ್ನು ತೆರವು ಮಾಡುವ ಅಧಿಕಾರವನ್ನು ಮುಂಬೈ ಪಾಲಿಕೆಗೆ ಉಳಿಸಿತು. ಆ ಭಯದ ನಡುವೆ ಬೈಕುಲ್ಲಾದ ಫುಟ್‌ಪಾತುಗಳಲ್ಲಿ ‘ಸ್ಪಾರ್ಕ್’ ಸಂಸ್ಥೆ ಅಲ್ಲಿನ ಹೆಂಗಸರ ಜೊತೆ ಸೇರಿ ಗಣತಿ ನಡೆಸಿತು. ಸುಮಾರು 6,000 ಕುಟುಂಬಗಳ ಲೆಕ್ಕ ‘ವಿ, ದಿ ಇನ್ವಿಸಿಬಲ್’ ಎಂಬ ವರದಿಯಾಗಿ ಅದೇ ವರ್ಷ ಹೊರಬಂತು. ಇವರು ಸೋಮಾರಿಗಳು, ದಾರಿಹೋಕರು ಎಂಬ ನಂಬಿಕೆಯನ್ನು ಆ ಲೆಕ್ಕ ಸುಳ್ಳು ಮಾಡಿತು. ಬಹಳಷ್ಟು ಜನ ಕಡುಬಡ ಜಿಲ್ಲೆಗಳಿಂದ ಬಂದು, ನಡೆದು ತಲುಪುವ ದೂರದಲ್ಲಿ ದುಡಿಯುತ್ತ, ವರ್ಷಗಟ್ಟಲೆ ಅದೇ ಫುಟ್‌ಪಾತಿನಲ್ಲಿ ಬಾಳಿದವರು. ಗಣತಿಗೆ ಕೈ ಜೋಡಿಸಿದ ಹೆಂಗಸರೇ ಮುಂದೆ ‘ಮಹಿಳಾ ಮಿಲನ್’ ಆಗಿ ಸಂಘಟಿತರಾದರು, ಚಿಲ್ಲರೆ ಕೂಡಿಸಿ ಉಳಿತಾಯ ಮಾಡಿದರು, ತಮಗೆ ಎಂಥ ಮನೆ ಬೇಕೆಂದು ತಾವೇ ಮಾದರಿ ನಿಲ್ಲಿಸಿ ತೋರಿಸಿದರು. ಅಟ್ಟವಿರುವ ಎತ್ತರದ ಕೋಣೆ ಬೇಕೆಂದರು, ಕಡಿಮೆ ನೆಲದಲ್ಲಿ ಹೆಚ್ಚು ಜನ ಮಲಗಬಹುದಲ್ಲ ಎಂದು. ಇದು ನಕ್ಷೆ ಬರೆಯುವ ಯಾರಿಗೂ ಹೊಳೆಯದ ವಿಚಾರವೇನಲ್ಲ; ಆದರೆ ಚಿಕ್ಕ ಜಾಗದಲ್ಲಿ ಸಂಸಾರ ನಡೆಸಿದವರಿಗೆ ಅದು ಮೊದಲು ಹೊಳೆಯುತ್ತದೆ. ಮಾನ್‌ಖುರ್ದ್‌ನ ಮಿಲನ್ ನಗರದಲ್ಲಿ ಅವರ ಮನೆಗಳು ಎದ್ದವು. ಹತ್ತಾರು ವರ್ಷ ಹಿಡಿಯಿತು, ನಿಜ. ಆದರೆ ಅಷ್ಟೇ ವರ್ಷಗಳಲ್ಲಿ ಕೇಳದೆ ನಡೆಸಿದ ತೆರವುಗಳಿಂದ ಮುಂಬೈಯ ಫುಟ್‌ಪಾತ್ ಖಾಲಿಯಾಗಲಿಲ್ಲ.

ಕೇಳದೆ ಮಾಡುವುದರ ಫಲವನ್ನು ಹೈದರಾಬಾದ್ ಸ್ವತಃ ಕಂಡಿದೆ. 2017ರ ನವೆಂಬರ್‌ನಲ್ಲಿ ಜಾಗತಿಕ ಉದ್ಯಮಿಗಳ ಸಮಾವೇಶಕ್ಕೆ ಇವಾಂಕಾ ಟ್ರಂಪ್ ಬರುವವರಿದ್ದರು. ಅದಕ್ಕೆ ಮುಂಚೆ, ನವೆಂಬರ್ 8ರಿಂದ ಎರಡು ತಿಂಗಳ ಕಾಲ ನಗರದ ರಸ್ತೆಗಳಲ್ಲಿ ಭಿಕ್ಷಾಟನೆಯನ್ನು ಪೊಲೀಸರು ನಿಷೇಧಿಸಿದರು. ಹಿಡಿದವರನ್ನು ಜೈಲುಗಳ ಆವರಣದ ‘ಆನಂದ ಆಶ್ರಮ’ಗಳಿಗೆ ಸಾಗಿಸಲಾಯಿತು, ಭಿಕ್ಷುಕರ ಸುಳಿವು ಕೊಟ್ಟವರಿಗೆ 500 ರೂಪಾಯಿ ಬಹುಮಾನವನ್ನೂ ಘೋಷಿಸಲಾಯಿತು. 2000ದಲ್ಲಿ ಬಿಲ್ ಕ್ಲಿಂಟನ್ ಬಂದಾಗಲೂ ಬೀದಿಗಳನ್ನು ಹೀಗೆಯೇ ತೆರವು ಮಾಡಲಾಗಿತ್ತು. ಬೇಡುವವರು, ದುಡಿದು ಫುಟ್‌ಪಾತಿನಲ್ಲಿ ಮಲಗುವವರು, ಮಾನಸಿಕ ಕಾಯಿಲೆಯಿಂದ ಅಲೆಯುವವರು, ಮಕ್ಕಳು ಹೊರಹಾಕಿದ ಮುದುಕರು ಎಲ್ಲರನ್ನೂ ಒಂದೇ ವ್ಯಾನಿಗೆ ಹತ್ತಿಸುವ ಈ ವಿಧಾನದಲ್ಲಿ ಯಾರಿಗೆ ಏನು ಬೇಕು ಎಂಬ ಪ್ರಶ್ನೆಗೇ ಎಡೆಯಿಲ್ಲ. ಕನ್ನಡಿಗರು ಇದನ್ನು ಹೊರಗಿನವರಂತೆ ನಿಂತು ನೋಡುವ ಹಾಗೂ ಇಲ್ಲ. ನಮ್ಮಲ್ಲಿ 1975ರಿಂದ ಭಿಕ್ಷಾಟನೆ ನಿಷೇಧ ಕಾಯ್ದೆಯಿದೆ, ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಉಪಕರವನ್ನೂ ಅದಕ್ಕಾಗಿ ಕಟ್ಟುತ್ತೇವೆ. ಹಣವಿದ್ದೂ ಬೆಂಗಳೂರಿನ ಸುಮನಹಳ್ಳಿಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಒಳಗಿದ್ದವರ ಮಾತು ಹೊರಗೆ ಕೇಳಿಸುವ ದಾರಿಯೊಂದು ಇದ್ದಿದ್ದರೆ ಆ ಸಾವುಗಳು ಅಷ್ಟಾಗುವ ತನಕ ಸುದ್ದಿಯಾಗದೆ ಉಳಿಯುತ್ತಿರಲಿಲ್ಲ.

ಇದೇ ಹೈದರಾಬಾದ್ ಇನ್ನೊಂದು ಕೆಲಸವನ್ನು ಚೆನ್ನಾಗಿ ಮಾಡಿದೆ. 2014ರಲ್ಲಿ ಪಾಲಿಕೆ ಮತ್ತು ಹರೇ ಕೃಷ್ಣ ಮೂವ್‌ಮೆಂಟ್ ಸೇರಿ ಐದು ರೂಪಾಯಿಗೆ ಊಟ ಕೊಡತೊಡಗಿದವು. ಯೋಜನೆ ಬೆಳೆದು ಸುಮಾರು 150 ಕೇಂದ್ರಗಳಾದವು. ಅವುಗಳನ್ನು ಒಂದೆಡೆ ದೊಡ್ಡ ಭವನ ಕಟ್ಟಿ ಇಡಲಿಲ್ಲ. ಆಸ್ಪತ್ರೆ ಗೇಟು, ಬಸ್ ನಿಲ್ದಾಣ, ಕೂಲಿ ಅಡ್ಡಾಗಳ ಪಕ್ಕ ಸಣ್ಣ ಸಣ್ಣ ಕೌಂಟರುಗಳಾಗಿ ಹಂಚಿದರು. ಹಸಿದವರು ಇದ್ದಲ್ಲಿಗೇ ಅನ್ನ ಹೋಯಿತು, ಗುರುತಿನ ಚೀಟಿ ಯಾರೂ ಕೇಳಲಿಲ್ಲ, ಮುಜುಗರವಿಲ್ಲದೆ ಎಲ್ಲ ಬಗೆಯ ಜನ ಸಾಲಿನಲ್ಲಿ ನಿಂತರು. ಛತ್ರ, ಅರವಟ್ಟಿಗೆ, ದಾಸೋಹಗಳ ಪರಂಪರೆ ಗೊತ್ತಿರುವ ನಮಗೆ ಈ ವಿವೇಕ ಹೊಸದಲ್ಲ: ದಾರಿಯಲ್ಲಿ ದಣಿವಾಗುವ ಜಾಗ ನೋಡಿಯೇ ಅರವಟ್ಟಿಗೆ ಇಡುತ್ತಿದ್ದರು. ಸೂರಿನ ವಿಷಯದಲ್ಲೂ ನಗರ ಹೀಗೆ ಯೋಚಿಸಬಲ್ಲದು. ನೂರು ಜನಕ್ಕೊಂದು ದೂರದ ಕಟ್ಟಡದ ಬದಲು, ಹಿಮಾಯತ್‌ನಗರದಂಥ ವಾರ್ಡಿನೊಳಗೇ ಆಸ್ಪತ್ರೆಯ ಪಕ್ಕ ಮೂವತ್ತು ಜನಕ್ಕೊಂದು, ಅಡ್ಡಾದ ಪಕ್ಕ ಇಪ್ಪತ್ತು ಜನಕ್ಕೊಂದು, ಹೆಂಗಸರು ಮಕ್ಕಳಿಗೆ ಬೇರೆಯದೊಂದು ಎಂದು ಹಂಚಬಹುದು. ರಾತ್ರಿ ಬೀಗ ಹಾಕಿರುವ ಸಮುದಾಯ ಭವನಗಳು ಪ್ರತಿ ವಾರ್ಡಿನಲ್ಲೂ ಸಿಗುತ್ತವೆ.

ಇಲ್ಲಿ ಏಳುವ ಮೊದಲ ಆಕ್ಷೇಪ ಗಟ್ಟಿಯಾದದ್ದು: ಸಮುದಾಯವನ್ನು ಕೇಳಿದರೆ ಸಮುದಾಯ ಬೇಡ ಎನ್ನುತ್ತದೆ. ಅಪಾರ್ಟ್‌ಮೆಂಟ್ ಸಂಘಗಳು, ವ್ಯಾಪಾರಿಗಳು, ಶಾಲೆಯವರು ಕಳವು, ಗಲೀಜು, ಕುಡಿತದ ಭಯ ಹೇಳಿ ತಂಗುದಾಣವನ್ನು ಪಕ್ಕದ ವಾರ್ಡಿಗೆ ತಳ್ಳುತ್ತಾರೆ, ಪಕ್ಕದವರು ಅದರಾಚೆಗೆ. ಇದನ್ನು ತಳ್ಳಿಹಾಕುವಂತಿಲ್ಲ. ಅದಕ್ಕೇ ಯಾವ ಪ್ರಶ್ನೆ ಕೇಳುತ್ತೇವೆ ಎಂಬುದು ಮುಖ್ಯ. ತಂಗುದಾಣ ಬೇಕೋ ಬೇಡವೋ ಎಂಬುದು 2010ರಲ್ಲೇ ತೀರ್ಮಾನವಾದ ಪ್ರಶ್ನೆ. ಅದನ್ನು ಮತ್ತೆ ಮತಕ್ಕೆ ಹಾಕಬಾರದು. ವಾರ್ಡಿನ ಒಳಗೆ ಎಲ್ಲಿ, ಬಾಗಿಲು ಯಾವ ರಸ್ತೆಗೆ, ಶೌಚಾಲಯ ಎಷ್ಟು, ರಾತ್ರಿ ಕಾವಲು ಯಾರು, ದೂರು ಬಂದರೆ ಎಷ್ಟು ಹೊತ್ತಿನಲ್ಲಿ ಯಾರು ಬರಬೇಕು ಎಂಬುದನ್ನು ಕೇಳಬೇಕು. ನೆರೆಹೊರೆಯವರ ಭಯದಲ್ಲಿ ಅರ್ಧ ಇಂಥ ಉತ್ತರಗಳಿಲ್ಲದ್ದರಿಂದಲೇ ಹುಟ್ಟಿದ್ದು. ಅಲ್ಲದೆ ತಂಗುದಾಣ ಬೇಡವೆಂದ ಮಾತ್ರಕ್ಕೆ ಮಲಗುವವರು ಮಾಯವಾಗುವುದಿಲ್ಲ, ಅಂಗಡಿ ಕಟ್ಟೆಯ ಮೇಲೆಯೇ ಇರುತ್ತಾರೆ, ಶೌಚಾಲಯವಿಲ್ಲದೆ, ಕಾವಲಿಲ್ಲದೆ. ಕೇಳುವ ವೇದಿಕೆಗೂ ಕೊರತೆಯಿಲ್ಲ. 2020ರ ತಿದ್ದುಪಡಿಯಲ್ಲಿ ಪಾಲಿಕೆ ಕಾಯ್ದೆಯು ಯುವಕರು, ಮಹಿಳೆಯರು, ಹಿರಿಯ ನಾಗರಿಕರು, ಗಣ್ಯರು ಎಂದು ವಾರ್ಡಿಗೆ ನಾಲ್ಕು ಸಮಿತಿಗಳನ್ನು ಹೇಳಿತು. 2023ರ ಜೂನ್‌ನಲ್ಲಿ ಆಗಿನ 150 ವಾರ್ಡ್‌ಗಳಿಗೂ ವಾರ್ಡ್ ಕಚೇರಿಗಳು ಬಂದವು. ವಿಳಾಸವಿಲ್ಲದವರಿಗೆ ಆ ನಾಲ್ಕು ಸಮಿತಿಗಳಲ್ಲಿ ಎಲ್ಲಿಯೂ ಹೆಸರು ಹೇಳಿ ಕೊಟ್ಟ ಕುರ್ಚಿಯಿಲ್ಲ. ತಂಗುದಾಣದ ವಿಷಯ ಚರ್ಚಿಸುವ ಸಭೆಯಲ್ಲಿ ಮೂರನೆಯ ಒಂದು ಭಾಗ ಅವರೇ ಇರಬೇಕು, ಸಭೆ ಅವರ ಕೆಲಸ ಮುಗಿದ ಮೇಲೆ ರಾತ್ರಿ ನಡೆಯಬೇಕು, ಆಧಾರ್ ತೋರಿಸು ಎನ್ನಬಾರದು.

ಸೂರು ಕೊಟ್ಟರೆ ಹಳ್ಳಿಗಳಿಂದ ಇನ್ನಷ್ಟು ಜನ ಬರುತ್ತಾರೆ ಎಂಬ ಮಾತನ್ನು ಹೆಚ್ಚು ಚರ್ಚಿಸಬೇಕಿಲ್ಲ. ಜನ ಬರುವುದು ಕೂಲಿಗೆ ಮತ್ತು ಚಿಕಿತ್ಸೆಗೆ. 50 ಚದರ ಅಡಿ ಜಾಗಕ್ಕಾಗಿ ಯಾರೂ ಹೊಲ ಬಿಟ್ಟು ಬರುವುದಿಲ್ಲ. ಇದಕ್ಕಿಂತ ಯೋಚಿಸಬೇಕಾದ ಆಕ್ಷೇಪ, ತಂಗುದಾಣ ಮನೆಯಲ್ಲ ಎಂಬುದು. ಫಿನ್ಲೆಂಡ್ 2008ರಿಂದ ಮೊದಲು ಮನೆ, ಉಳಿದ ನೆರವು ಆಮೇಲೆ ಎಂಬ ನೀತಿ ಹಿಡಿದು, ಹಳೆಯ ಸಾಮೂಹಿಕ ತಂಗುದಾಣಗಳನ್ನೇ ಬಾಡಿಗೆ ಮನೆಗಳಾಗಿ ಮಾರ್ಪಡಿಸಿ, ದೀರ್ಘಕಾಲದ ವಸತಿಹೀನತೆಯನ್ನು ಬಹುವಾಗಿ ಇಳಿಸಿತು. ಗುರಿ ಅದೇ ಆಗಬೇಕು. ಆದರೆ ನಮ್ಮಲ್ಲಿ ಮನೆ ಎಂದರೆ ಏನಾಯಿತು ನೋಡಿ. ತೆಲಂಗಾಣದ ಎರಡು ಮಲಗುಕೋಣೆಯ ಮನೆಗಳ ಯೋಜನೆಯಲ್ಲಿ ಕೊಲ್ಲೂರಿನಲ್ಲಿ 15,660 ಮನೆಗಳ ದೊಡ್ಡ ಬಡಾವಣೆಯೇ ಎದ್ದು 2023ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ಹಿಮಾಯತ್‌ನಗರದಿಂದ ಅದು ಸುಮಾರು 30 ಕಿಲೋಮೀಟರ್. ಅರ್ಜಿಗೆ ಪಡಿತರ ಚೀಟಿ ಬೇಕಿತ್ತು. ವಿಳಾಸವಿಲ್ಲದೆ ಪಡಿತರ ಚೀಟಿ ಸಿಗದು, ಪಡಿತರ ಚೀಟಿಯಿಲ್ಲದೆ ವಿಳಾಸ ಸಿಗದು. ಈ ಗಂಟನ್ನು ಬಿಡಿಸುವ ಮೊದಲ ಜಾಗ ವಾರ್ಡಿನೊಳಗಿನ ತಂಗುದಾಣವೇ: ಅದರ ವಿಳಾಸದಲ್ಲಿ ಚೀಟಿ, ಬ್ಯಾಂಕ್ ಖಾತೆ, ಪಿಂಚಣಿ ಅರ್ಜಿ ಸಾಧ್ಯವಾದರೆ ಅಲ್ಲಿಂದ ಮನೆಯ ಕಡೆಗೆ ದಾರಿ ತೆರೆಯುತ್ತದೆ.

ಇಷ್ಟೆಲ್ಲಕ್ಕೂ ಮುಂಚೆ ಎಣಿಕೆಯಾಗಬೇಕು. 2011ರಲ್ಲಿ ಫೆಬ್ರುವರಿ 28ರ ಒಂದೇ ರಾತ್ರಿ ದೇಶದಾದ್ಯಂತ ಮನೆಯಿಲ್ಲದವರನ್ನು ಎಣಿಸಿದಾಗ 17.7 ಲಕ್ಷ ಜನ ಸಿಕ್ಕರು, ನಗರಗಳಲ್ಲಿ 9.38 ಲಕ್ಷ. ಅಪರಿಚಿತರು ಟಾರ್ಚ್ ಹಿಡಿದು ಬಂದು ಎಬ್ಬಿಸಿದರೆ ಹೆದರಿ ಜಾಗ ಬದಲಿಸುವ ಜನರ ಎಣಿಕೆಯಿದು, ಕಡಿಮೆಯೇ ಬಂದಿರುತ್ತದೆ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅದಕ್ಕೆ ಮುಂಚೆಯೇ ವಾರ್ಡಿನ ಜನ ಬೈಕುಲ್ಲಾದ ಹಾಗೆ ತಮ್ಮ ಎಣಿಕೆಯನ್ನು ತಾವೇ ಮಾಡಿಕೊಳ್ಳಬಹುದು: ಅಲ್ಲಿ ಮಲಗುವವರಲ್ಲೇ ಇಬ್ಬರು, ಔಷಧ ಅಂಗಡಿಯವರು, ರಾತ್ರಿ ಪಾಳಿಯ ನರ್ಸ್, ಕಾಲೇಜು ಹುಡುಗರು ಸೇರಿ ಒಂದು ವಾರದ ಕೆಲಸ. ಹಿಮಾಯತ್‌ನಗರದ ಮಗ್ಗುಲಲ್ಲೇ ಇರುವ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ವಿದ್ಯಾಸಂಸ್ಥೆಯಿದೆ. ಕಟ್ಟಡ ಕೆಲಸಕ್ಕೆ, ಚಿಕಿತ್ಸೆಗೆ ಬಂದು ನಿಲ್ದಾಣದ ಸುತ್ತ ರಾತ್ರಿ ಕಳೆಯುವವರಲ್ಲಿ ರಾಯಚೂರು, ಯಾದಗಿರಿ ಕಡೆಯವರೂ ಇರುತ್ತಾರೆ. ತೆಲುಗಿನಲ್ಲಿ ಕೇಳಿದ ಪ್ರಶ್ನೆಗೆ ತಲೆಯಾಡಿಸಿ ಸುಮ್ಮನಾಗುವ ಅವರು, ‘ಯಾವೂರಾಯ್ತು, ಊಟ ಆತೇನು, ಇಲ್ಲಿ ಎಷ್ಟು ದಿನ ಆತು’ ಎಂದು ತಮ್ಮ ಮಾತಿನಲ್ಲೇ ಕೇಳಿದರೆ ಎದ್ದು ಕೂತು ಉತ್ತರ ಹೇಳುತ್ತಾರೆ. ಆ ರಾತ್ರಿ ಎಣಿಕೆಯ ತಂಡದಲ್ಲಿ ಕನ್ನಡ ಬಲ್ಲ ನಾಲ್ಕು ಜನರನ್ನು ಕಳಿಸುವುದು ಅಲ್ಲಿನ ಕನ್ನಡ ಸಂಘಗಳಿಗೆ ದೊಡ್ಡ ಹೊರೆಯಲ್ಲ.