ವೀಣೆಗೆ ತಕ್ಕ ನಾದಗ್ರಾಹಕ

ಕಳೆದ ನವರಾತ್ರಿಯಲ್ಲಿ, ನ್ಯಾಮತಿಯ ನಮ್ಮ ನೆರೆಯ ದೇವಾಲಯದಲ್ಲಿ ನಮ್ಮ ಮೊಮ್ಮಗಳು ವೀಣೆ ನುಡಿಸಿದಳು. ಸಭೆಯು ದೊಡ್ಡದಾದುದರಿಂದ ವಾದ್ಯಕ್ಕೆ ವಿದ್ಯುತ್ತಿನ ಪಿಕಪ್ಪೊಂದನ್ನು ಅಳವಡಿಸಿದ್ದೆವು. ಮೇಲಿನ ಸ್ವರಗಳು ಮೂಲೆಮೂಲೆಗೂ ಕೇಳಿಸಿದುವು. ರಾಗವು ಮಂದ್ರಕ್ಕೆ ಇಳಿದೊಡನೆ ನಾದವು ಲುಪ್ತವಾಯಿತು. ಬೆರಳುಗಳು ಆಡುತ್ತಿದ್ದುವು, ಸ್ವರ ಮಾತ್ರ ಇಲ್ಲ! ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮನೆಗೆ ಬಂದವಳು ವೀಣೆಗೆ ಗವಸು ತೊಡಿಸಿ, "ಅಜ್ಜ, ಇನ್ನು ನಾನು ಸಭೆಯಲ್ಲಿ ನುಡಿಸುವುದಿಲ್ಲ" ಎಂದಳು.

ದೋಷವು ಮಗುವಿನದಲ್ಲ, ವಿಚಾರಿಸದೆ ಕೊಂಡ ನಮ್ಮದು. ಇಂತಹ ಪ್ರಮಾದವು ವಾಚಕರ ಮನೆಯಲ್ಲಿ ಆಗದಿರಲೆಂದು ಈ ಲೇಖನ.

ಪಿಕಪ್ಪನ್ನು ನಾವು ನಾದಗ್ರಾಹಕವೆನ್ನೋಣ. ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಅಯಸ್ಕಾಂತದ್ದು. ಕಾಂತದ ಸುತ್ತಲೂ ಕೂದಲೆಳೆಯಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತದೆ. ಅದರ ಮೇಲೆ ಉಕ್ಕಿನ ತಂತಿಯು ಕಂಪಿಸಿದರೆ ಕಾಂತಕ್ಷೇತ್ರವು ಕದಲಿ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. 1831ರಲ್ಲಿ ಫ್ಯಾರಡೆ ಮಹಾಶಯನು ಕಂಡ ಈ ತತ್ತ್ವವು 1930ರ ದಶಕದ ಆದಿಯಲ್ಲಿ ಅಮೆರಿಕೆಯ ಗಿಟಾರುಗಳಿಗೆ ಬಂದಿತು. ಒಂಟಿ ಸುರುಳಿಯು ಮನೆಯ ವಿದ್ಯುತ್ತಿನ ಗುಂಯ್‌ಕಾರವನ್ನೂ ಹಿಡಿಯುವುದರಿಂದ, 1955ರಲ್ಲಿ ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಎಂಬವರು ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ ಅದನ್ನು ಅಡಗಿಸಿದರು. ಉಕ್ಕಿನ ತಂತಿಗಳ ಗಿಟಾರಿಗೆ ಇದು ಒಪ್ಪತಕ್ಕದ್ದೇ. ನಮ್ಮ ವೀಣೆಗಾದರೋ ಹಳೆಯ ಕ್ರಮದಂತೆ ಮಂದ್ರ, ಅನುಮಂದ್ರಗಳಿಗೆ ಹಿತ್ತಾಳೆಯ ತಂತಿ. ಹಿತ್ತಾಳೆಯನ್ನು ಕಾಂತವು ಸೆಳೆಯದು. ಆದುದರಿಂದ ಅಂತಹ ಗ್ರಾಹಕವು ಆ ತಂತಿಗಳಿಗೆ ಕಿವುಡು.

ಎರಡನೆಯದು ಒತ್ತಡದಿಂದ ವಿದ್ಯುತ್ತನ್ನು ಹುಟ್ಟಿಸುವ ಪೀಜೋ ಬಿಲ್ಲೆ. ಈ ಗುಣವನ್ನು 1880ರಲ್ಲಿ ಕ್ಯೂರಿ ಸಹೋದರರು ಹರಳುಗಳಲ್ಲಿ ಕಂಡರು. ಕುದುರೆಯ ಬಳಿ ಕೊಡದ ಮೇಲೆ ಅಂಟಿಸಿದರೆ ಇದು ಮರದ ಕಂಪನವನ್ನೇ ಗ್ರಹಿಸುವುದರಿಂದ, ತಂತಿಯು ಯಾವ ಲೋಹದ್ದಾದರೂ ಚಿಂತೆಯಿಲ್ಲ. ದೋಷಗಳೂ ಉಂಟು: ಬೆರಳು ಉಜ್ಜುವ, ಉಂಗುರ ತಗಲುವ ಸದ್ದನ್ನೂ ಎತ್ತಿ ಹೇಳುವುದು, ತಕ್ಕ ಪ್ರೀಆಂಪ್ ಇಲ್ಲದಿದ್ದರೆ ನಾದವು ತೆಳುವಾಗಿ ಕರ್ಕಶವಾಗುವುದು, ಧ್ವನಿವರ್ಧಕದ ಪೆಟ್ಟಿಗೆಯು ವೀಣೆಗೆ ಎದುರಾಗಿದ್ದರೆ ಊಳಿಡುವುದು.

ಕೊಳ್ಳುವವರು ಮೊದಲು ಚಿಕ್ಕ ಅಯಸ್ಕಾಂತವೊಂದನ್ನು ಪ್ರತಿಯೊಂದು ತಂತಿಗೂ ಹಿಡಿದು ನೋಡಬೇಕು. ಎಲ್ಲವೂ ಸೆಳೆಯಲ್ಪಟ್ಟರೆ ಮಾತ್ರ ಕಾಂತದ ಗ್ರಾಹಕವನ್ನು ವಿಚಾರಿಸಬಹುದು. ಸ್ಕ್ರೂ ಹೊಡೆಯಲು ಎಂದಿಗೂ ಒಪ್ಪಬಾರದು. ಹಲಸಿನ ಕೊಡಕ್ಕೆ ಬಿದ್ದ ರಂಧ್ರವು ಮತ್ತೆ ಮರವಾಗದು. ಕಿತ್ತು ತೆಗೆಯಬಹುದಾದ ಅಂಟಿನಿಂದ ಬಿಲ್ಲೆಯನ್ನು ಅಲ್ಲಲ್ಲಿ ಇಟ್ಟು, ಒಬ್ಬರು ನುಡಿಸುತ್ತಿರಲು ಮತ್ತೊಬ್ಬರು ದೂರದಲ್ಲಿ ಕುಳಿತು ಕೇಳತಕ್ಕದ್ದು. ಬೆಲೆಯು ಹೆಚ್ಚಿದ್ದ ಮಾತ್ರಕ್ಕೆ ವಸ್ತುವು ನಮ್ಮ ವಾದ್ಯಕ್ಕೆ ತಕ್ಕುದೆಂದು ನಂಬಲಾಗದು.

ನಾವೂ ಹೀಗೆಯೇ ಮಾಡಿದೆವು. ಕಾರ್ತಿಕದ ದೀಪೋತ್ಸವಕ್ಕೆ ಮೊಮ್ಮಗಳು ತಾನಾಗಿ ಗವಸನ್ನು ತೆಗೆದಳು. ನಾವು ಬೇಕೆಂದೇ ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಅನುಮಂದ್ರದ ಪಂಚಮವು ಅಲ್ಲಿಗೂ ಬಂದು ಮುಟ್ಟಿತು. ಈ ಬಾರಿ ಯಾರೂ ನಗಲಿಲ್ಲ.