ಊರು ಬಿಟ್ಟು ಬಂದ ಮನೆಗಳು

ಕಾಪು ತಾಲೂಕಿನ ಕುಂಜೂರಿನಲ್ಲಿ 19ನೇ ಶತಮಾನದ ಆರಂಭದಲ್ಲಿ ಕಟ್ಟಿದ ಚೌಕಿ ಮನೆಯಾಗಲಿ, ಕಾರ್ಕಳದ ಸಮೀಪದ ಮಿಯಾರಿನ ಹಳೆಯ ಮನೆಯಾಗಲಿ ಇಂದು ಅವುಗಳ ಊರಿನಲ್ಲಿಲ್ಲ. ಎರಡೂ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಭಟ್ಕಳದ ನವಾಯತರ ಮನೆ, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಸಭಾಂಗಣ ಮೊದಲಾದವುಗಳ ನೆರೆಯಲ್ಲಿ ನಿಂತಿವೆ. ಜರ್ಮನಿಯ ಕ್ವೆಡ್ಲಿನ್‌ಬುರ್ಗ್, ಕಾಲ್ವ್, ಎಸ್ಲಿಂಗನ್‌ನಂತಹ ಪಟ್ಟಣಗಳಲ್ಲಿ ಬೀದಿಯುದ್ದಕ್ಕೂ ಕಾಣುವ ಮರದ ಚೌಕಟ್ಟಿನ ಮನೆಗಳಿಗೆ ಸಮೀಪವಾದುದನ್ನು ಕರ್ನಾಟಕದಲ್ಲಿ ನೋಡಬಯಸುವವರು ಬರಬೇಕಾದ ಜಾಗ ಇದು. ಆದರೆ ಅಲ್ಲಿನ ಮನೆಗಳು ಹುಟ್ಟಿದ ಜಾಗದಲ್ಲಿಯೇ ಉಳಿದವು, ಇಲ್ಲಿನವು ಉಳಿಯಬೇಕಾದರೆ ಊರನ್ನೇ ಬಿಡಬೇಕಾಯಿತು.

ಜರ್ಮನರು ಫಾಖ್‌ವೆರ್ಕ್ ಎಂದು ಕರೆಯುವ ರಚನೆಯಲ್ಲಿ ಮನೆಯ ಭಾರ ಹೊರುವುದು ಗೋಡೆಯಲ್ಲ, ಕಂಬ, ತೊಲೆ ಮತ್ತು ಓರೆಯಾಗಿ ಕೊಟ್ಟ ಆಸರೆಗಳಿಂದಾದ ಮರದ ಚೌಕಟ್ಟು. ಅದರ ನಡುವಿನ ಅಂಕಣಗಳಲ್ಲಿ ಕೋಲುಗಳನ್ನು ಹೆಣೆದು, ಹುಲ್ಲು ಕಲಸಿದ ಮಣ್ಣನ್ನು ಮೆತ್ತಿ, ಮೇಲೆ ಸುಣ್ಣ ಬಳಿಯುವುದರಿಂದ ಬಿಳಿಯ ಗೋಡೆಯ ಮೇಲೆ ಮರದ ಗೆರೆಗಳು ಎದ್ದು ಕಾಣುತ್ತವೆ. ಬಡಗಿ ಇಡೀ ಚೌಕಟ್ಟನ್ನು ಮೊದಲು ನೆಲದ ಮೇಲೆ ಜೋಡಿಸಿ ನೋಡಿ, ಪ್ರತಿ ತುಂಡಿಗೂ ಉಳಿಯಿಂದ ಗುರುತು ಕೊರೆದು, ಬಿಚ್ಚಿ, ಬಳಿಕ ನಿವೇಶನದಲ್ಲಿ ಮತ್ತೆ ಎಬ್ಬಿಸುತ್ತಿದ್ದ; ಹೀಗೆ ಬಿಚ್ಚಿ ಒಯ್ಯಬಹುದಾದ್ದರಿಂದ ಮತ್ತು ಬೆಂಕಿಗೆ ಆಹುತಿಯಾಗಬಹುದಾದ್ದರಿಂದ ಜರ್ಮನಿಯ ಹಳೆಯ ಕಾನೂನು ಮರದ ಮನೆಯನ್ನು ಚರಾಸ್ತಿ ಎಂದೇ ಎಣಿಸುತ್ತಿತ್ತು. ಕ್ವೆಡ್ಲಿನ್‌ಬುರ್ಗ್‌ನಲ್ಲಿ 14ನೇ ಶತಮಾನದ ಇಂಥ ಮನೆಯೊಂದು ಇಂದಿಗೂ ನಿಂತಿದ್ದು, ಅದರೊಳಗೆ ಮರದ ಚೌಕಟ್ಟಿನ ನಿರ್ಮಾಣವನ್ನು ಕುರಿತ ವಸ್ತುಸಂಗ್ರಹಾಲಯವೇ ಇದೆ. ಪೂರ್ವ ಜರ್ಮನಿಯ ಕಾಲದಲ್ಲಿ ದುರಸ್ತಿಯಿಲ್ಲದೆ ಸೊರಗಿದ್ದ ಆ ಪಟ್ಟಣ 1990ರ ಏಕೀಕರಣದ ಬಳಿಕ ಚೇತರಿಸಿಕೊಂಡು 1994ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಉಡುಪಿಯಲ್ಲಿ ಮರವನ್ನು ಹಾಗೆ ಬೀದಿಗೆ ಮುಖಮಾಡಿ ನಿಲ್ಲಿಸುವಂತಿಲ್ಲ. ಆದ್ದರಿಂದ ತುಳುನಾಡಿನ ಆಚಾರಿಗಳು, ಅಂದರೆ ಬಡಗಿಗಳು, ಹೊರಗಡೆಗೆ ಮಣ್ಣಿನ ಅಥವಾ ಮುರಕಲ್ಲಿನ ದಪ್ಪ ಗೋಡೆ ಕೊಟ್ಟು, ಮಾಡಿನ ಇಳಿಜಾರನ್ನು ತಲೆ ಬಗ್ಗಿಸಿ ಒಳಹೋಗಬೇಕಾಗುವಷ್ಟು ಕೆಳಗೆ ತಂದು, ತಮ್ಮ ಕೆಲಸವನ್ನೆಲ್ಲ ಅದರ ನೆರಳಿನಲ್ಲಿ ತೋರಿಸಿದರು. ಚೌಕಿ ಮನೆ ಎಂದರೆ ನಾಲ್ಕೂ ಕಡೆ ಕಟ್ಟಡವಿದ್ದು ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ ಮನೆ. ಅಂಗಳದ ಅಂಚಿನ ಜಗಲಿಯಲ್ಲಿ ಕುಳಿತರೆ ಮರದ ಚೌಕಟ್ಟು ಬುಡದಿಂದ ತುದಿಯವರೆಗೆ ಕಣ್ಣಿಗೆ ಬೀಳುತ್ತದೆ: ಕೆಳಗೆ ಚೌಕವಾಗಿ ಆರಂಭವಾಗಿ ಮೇಲಕ್ಕೆ ಹೋದಂತೆ ಎಂಟು ಮೂಲೆಯಾಗಿಯೋ ದುಂಡಾಗಿಯೋ ಕಡೆದ ಕಂಬ, ಅದರ ನೆತ್ತಿಯಲ್ಲಿ ಎರಡೂ ಕಡೆಗೆ ಚಾಚಿ ಭಾರವನ್ನು ಹಂಚಿಕೊಳ್ಳುವ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಮುಚ್ಚಿಗೆ, ಅಂದರೆ ಹಲಗೆ ಹಾಸಿದ ಒಳಮಾಡು, ಅದರ ಮೇಲೆ ಪಕಾಸು ಮತ್ತು ರೀಪುಗಳು. ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ ಇನ್ನೊಂದರ ಕುಳಿಗೆ ಕೂರಿಸಿ ಬೆಣೆ ಹೊಡೆಯುವ ಈ ಜೋಡಣೆಗೆ ಕಬ್ಬಿಣದ ಮೊಳೆ ಬೇಕಿಲ್ಲ, ಮತ್ತು ಬೆಣೆಯನ್ನು ತಟ್ಟಿ ತೆಗೆದರೆ ಮರಕ್ಕೆ ಗಾಯವಾಗದಂತೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಕಂಬಗಳಿಗೆ ಹಲಸು, ತೊಲೆಗಳಿಗೆ ಒರಲೆ ಹಿಡಿಯದ ಬೋಗಿ ಎಂದು ಮರವನ್ನು ಗುಣ ನೋಡಿಯೇ ಆರಿಸುತ್ತಿದ್ದರು.

ಈ ಕೌಶಲದ ಹಳಮೆಯನ್ನು ಕಾರ್ಕಳದ ಕಲ್ಲಿನಲ್ಲಿಯೂ ಓದಬಹುದು. 1586ರ ಚತುರ್ಮುಖ ಬಸದಿಯ ಸುತ್ತುಜಗಲಿಗೆ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿರುವುದನ್ನು ಗಮನಿಸಿದರೆ, ಕಲ್ಲುಕುಟಿಗರು ಮಳೆನಾಡಿನ ಮರದ ಮಾಡನ್ನು ಕಣ್ಣಮುಂದಿಟ್ಟುಕೊಂಡೇ ಕೆಲಸ ಮಾಡಿದಂತೆ ತೋರುತ್ತದೆ.

ಜರ್ಮನಿಯ ಆ ಪಟ್ಟಣಗಳಿಗೂ ಕರಾವಳಿಗೂ ಹೋಲಿಕೆಯಾಚೆಗಿನ ನಂಟೂ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿಗಳಲ್ಲಿ ಅನೇಕರು ದಕ್ಷಿಣ ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯವರು, ಅಂದರೆ ಮರದ ಚೌಕಟ್ಟಿನ ಮನೆಗಳ ನಡುವೆ ಬೆಳೆದವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ, ಅದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಎಸ್ಲಿಂಗನ್‌ನಲ್ಲಿ. ಮಂಗಳೂರಿನಲ್ಲಿ ಮಿಶನ್ನಿನ ಕೆಲಸದಲ್ಲಿದ್ದ ಯೊಹಾನೆಸ್ ಹೆಸ್ಸೆಯವರ ಮಗ, ಕಾದಂಬರಿಕಾರ ಹರ್ಮನ್ ಹೆಸ್ಸೆ 1877ರಲ್ಲಿ ಹುಟ್ಟಿದ್ದು ಕಾಲ್ವ್‌ನಲ್ಲಿ. ಇದೇ ಮಿಶನ್ನಿನ ಗೆಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಮುಂದೆ ಮಲ್ಪೆಯಲ್ಲಿಯೂ ಕಾರ್ಖಾನೆ ಬಂದು, ವರ್ಷ ವರ್ಷವೂ ಮುಳಿಹುಲ್ಲು ಹೊದಿಸಬೇಕಾಗಿದ್ದ ಮಾಡುಗಳಿಗೆ ಹಂಚು ಬಂದಾಗ, ಒಳಗಿನ ಮರದ ಆಯುಸ್ಸೂ ಬೆಂಕಿಯ ಭಯ ಕಳೆದು ಹೆಚ್ಚಿತು.

ಮನೆಗಳು ಬಿದ್ದದ್ದು ಮಳೆಯಿಂದಲ್ಲ. ಗೇಣಿಯ ಆದಾಯದ ಮೇಲೆ ನಿಂತಿದ್ದ ದೊಡ್ಡ ಮನೆಗಳು 1974ರ ಭೂಸುಧಾರಣೆಯ ಬಳಿಕ ಆ ಆಧಾರವನ್ನು ಕಳೆದುಕೊಂಡವು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೆ ಕೂಡುಕುಟುಂಬಗಳು ಒಡೆದು ಮಕ್ಕಳು ಮುಂಬಯಿಗೂ ಬೆಂಗಳೂರಿಗೂ ಹೋದ ಆ ಕಾಲದಲ್ಲಿ ಇಪ್ಪತ್ತು ಮೂವತ್ತು ಜನಕ್ಕಾಗಿ ಕಟ್ಟಿದ ಚೌಕಿಯನ್ನು ಗುಡಿಸಿ ಸಾರಿಸುವವರೂ ಇಲ್ಲದಂತಾಗಿ, ಕಂಬ ಬಾಗಿಲುಗಳು ಮರದ ವ್ಯಾಪಾರಿಗಳ ಪಾಲಾಗತೊಡಗಿದವು.

ಇದನ್ನು ಕಂಡು ಸುಮ್ಮನಿರಲಾರದೆ ಹೋದವರು ಸಿಂಡಿಕೇಟ್ ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ (1934–2017). ಕೆಡವಿದ ಮನೆಗಳ ಬಿಡಿಭಾಗಗಳಿಂದಲೇ ಮಣಿಪಾಲದಲ್ಲಿ ತಮ್ಮ ವಾಸದ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿದ ಅವರು, ಬಿಡಿಭಾಗಗಳನ್ನು ಕಾಪಾಡಿದರೆ ಸಾಲದು, ಮನೆಗಳನ್ನು ಇಡಿಯಾಗಿಯೇ ಉಳಿಸಬೇಕೆಂದು ಹೊರಟು ಹೆರಿಟೇಜ್ ವಿಲೇಜ್ ರೂಪಿಸಿದರು. ಅಳತೆ ತೆಗೆದು, ಚಿತ್ರ ತೆಗೆದು, ಪ್ರತಿ ತುಂಡಿಗೂ ಸಂಖ್ಯೆ ಕೊಟ್ಟು, ಮಾಡಿನಿಂದ ಕೆಳಮುಖವಾಗಿ ಬಿಚ್ಚಿ, ಹೊಸ ಜಾಗದಲ್ಲಿ ಬುಡದಿಂದ ಮೇಲಕ್ಕೆ ಕೂಡಿಸುವ ಈ ವಿಧಾನ ಜರ್ಮನ್ ಬಡಗಿಗಳ ಗುರುತುಗಳಿಗೆ ಸೋದರಸಂಬಂಧಿಯಂತಿದೆ. ಯುರೋಪಿನಲ್ಲಿ ಮನೆಗಳನ್ನು ಹೀಗೆ ಒಂದೆಡೆ ತರುವ ಬಯಲು ವಸ್ತುಸಂಗ್ರಹಾಲಯಗಳ ಪರಂಪರೆ 1891ರಲ್ಲಿ ಸ್ಟಾಕ್‌ಹೋಮ್‌ನ ಸ್ಕಾನ್ಸೆನ್‌ನಿಂದ ಬಲಗೊಂಡಿತು. ಆದರೆ ಅಂಥ ಕೆಲಸವನ್ನು ಇಲ್ಲಿ ಬ್ಯಾಂಕಿನ ನೌಕರರೊಬ್ಬರು ಹಠ ಹಿಡಿದು ಮಾಡಿದರೆಂಬುದು ಬೆರಗಿನ ಸಂಗತಿ.

ಸ್ಥಳಾಂತರದಲ್ಲಿ ನಷ್ಟವೂ ಉಂಟು, ಅದನ್ನು ಮರೆಮಾಚಬೇಕಾಗಿಲ್ಲ. ಮರವನ್ನು ಬಿಚ್ಚಿ ತರಬಹುದು, ಮಣ್ಣಿನ ಗೋಡೆಯನ್ನು ತರಲಾಗದು, ಅದನ್ನು ಹೊಸದಾಗಿ ಕಟ್ಟಬೇಕು. ಮನೆಯೆದುರಿನ ಬಯಲುಗದ್ದೆ, ನಾಗಬನ, ಅಡಿಕೆ ತೋಟಕ್ಕೆ ನೀರು ಹಾಯುವ ಕಣಿ ಇವುಗಳಿಲ್ಲದೆ ಕುಂಜೂರಿನ ಮನೆ ತನ್ನ ಬಾಗಿಲು ಆ ದಿಕ್ಕಿಗೇ ಏಕಿತ್ತು ಎಂಬುದನ್ನು ಹೇಳಲಾರದು. ಜರ್ಮನ್ ಪಟ್ಟಣದ ಹೆಚ್ಚುಗಾರಿಕೆ ಇಲ್ಲಿದೆ: ಅಲ್ಲಿ ಕೆಳ ಅಂತಸ್ತಿನಲ್ಲಿ ಬೇಕರಿಯೋ ಔಷಧದಂಗಡಿಯೋ ನಡೆಯುತ್ತದೆ, ಮೇಲೆ ಜನ ಸಂಸಾರ ಮಾಡುತ್ತಾರೆ, ಸ್ಮಾರಕ ರಕ್ಷಣೆಯ ಕಾನೂನು ಮಾಲೀಕನನ್ನು ಕಟ್ಟಿಹಾಕಿದರೂ ದುರಸ್ತಿಯ ಖರ್ಚಿಗೆ ತೆರಿಗೆ ವಿನಾಯಿತಿ ಕೊಡುತ್ತದೆ.

ತುಳುನಾಡಿನಲ್ಲಿ ಆ ಕಾನೂನಿನ ಕೆಲಸವನ್ನು ಕೆಲವೆಡೆ ದೈವಗಳು ಮಾಡುತ್ತಿವೆ. ಗುತ್ತು ಮನೆಯ, ಅಂದರೆ ಗ್ರಾಮದಲ್ಲಿ ಅಧಿಕಾರವಿದ್ದ ಮನೆತನದ ಚಾವಡಿಯಲ್ಲಿ ದೈವದ ಮಂಚ ಇರುವವರೆಗೆ, ದೈವದ ಉತ್ಸವವಾದ ನೇಮದ ಹೊತ್ತಿಗೆ ದೂರದೂರುಗಳಿಂದ ಕುಟುಂಬದವರು ಬಂದು ಸೇರುವವರೆಗೆ, ಹಂಚು ಬದಲಿಸಲು ಹಣ ಕೂಡುತ್ತದೆ. ಹಾಗೆ ಕೂಡಿದ ಹಣದಲ್ಲಿ ಹಲಸಿನ ಕಂಬ ತೆಗೆದು ಕಾಂಕ್ರೀಟ್ ಕಂಬ ಹಾಕುವುದೂ ಇದೆ. ಮಣಿಪಾಲದಲ್ಲಿ ಬಿಚ್ಚಿ ಕೂಡಿಸುವುದನ್ನು ಕೈಯಾರೆ ಕಲಿತ ಆಚಾರಿಗಳನ್ನು ಅಂಥ ಜೀರ್ಣೋದ್ಧಾರಕ್ಕೆ ಕರೆಸಿದರೆ, ಒರಲೆ ತಿಂದ ಒಂದು ತುಂಡನ್ನಷ್ಟೇ ಬದಲಿಸಿ ಉಳಿದ ಮರವನ್ನು ಇದ್ದ ಜಾಗದಲ್ಲೇ ಬಿಡುವುದು ಸಾಧ್ಯ.