ಬಿಲ್ಲು ಮೇಲೋ, ಕೋವಿ ಮೇಲೋ?

ನಮ್ಮ ಮಕ್ಕಳಿಗೆ ದಸರಾ ರಜೆ ಗೊತ್ತು, ಬೇಸಿಗೆ ರಜೆ ಗೊತ್ತು, ಜಡಿಮಳೆ ಹಿಡಿದರೆ ಮಳೆ ರಜೆಯೂ ಗೊತ್ತು. ‘ಜಿಂಕೆ ರಜೆ’ ಎಂಬುದೊಂದಿದೆ ಎಂದರೆ ನಂಬುತ್ತೀರಾ? ಅಮೆರಿಕದ ಪೆನ್ಸಿಲ್ವೇನಿಯ, ಮಿಷಿಗನ್ ರಾಜ್ಯಗಳ ಹಳ್ಳಿಗಾಡಿನ ಎಷ್ಟೋ ಶಾಲೆಗಳು ಕೋವಿಯಿಂದ ಜಿಂಕೆ ಹೊಡೆಯುವ ಋತು ತೊಡಗುವ ಹೊತ್ತಿಗೆ ಬಾಗಿಲು ಹಾಕುತ್ತವೆ. ಪಾಠ ಮಾಡೋಣವೆಂದರೂ ಬೆಂಚುಗಳು ಖಾಲಿ. ಮೇಷ್ಟರೂ ಕಾಡಿನಲ್ಲಿ!

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನೆರಳಲ್ಲಿ ಬೆಳೆದ ನಮಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಆದರೆ ಇಂದು ನಮ್ಮ ಊರುಗಳ ನೂರಾರು ಮಕ್ಕಳು ಓದಲೆಂದು ಅದೇ ರಾಜ್ಯಗಳಿಗೆ ಹೋಗುತ್ತಿದ್ದಾರೆ. ಜಿಂಕೆಯನ್ನು ಕಾರಿಗೆ ಕಟ್ಟಿಕೊಂಡು ಹೋಗುವ ದೃಶ್ಯದ ಫೋಟೋ ಮನೆಗೆ ಬರುತ್ತದೆ. ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಆ ಬೇಟೆಯ ಹಿಂದಿರುವ ಲೆಕ್ಕಾಚಾರ ಮಾತ್ರ ನಮ್ಮ ಹೈಸ್ಕೂಲು ಭೌತಶಾಸ್ತ್ರದ್ದೇ.

ವಿಸ್ಕಾನ್ಸಿನ್ ರಾಜ್ಯವನ್ನೇ ತೆಗೆದುಕೊಳ್ಳಿ. ಅಲ್ಲಿ ಬಿಲ್ಲುಗಾರರ ಋತು ಸೆಪ್ಟೆಂಬರ್ ಮಧ್ಯದಲ್ಲಿ ತೊಡಗಿ ಜನವರಿಯವರೆಗೆ ಸಾಗುತ್ತದೆ. ಕೋವಿಯವರಿಗೆ ಮುಖ್ಯವಾಗಿ ಸಿಗುವುದು ನವೆಂಬರ್ ಕೊನೆಯ ಒಂಬತ್ತೇ ದಿನ. ಅದರ ಬೆನ್ನಿಗೇ ಬಾಯಿಂದ ಮದ್ದು ತುಂಬುವ ಕೋವಿಗಳಿಗೆ ಹತ್ತು ದಿನ. ನಮ್ಮ ಮಲೆನಾಡಿನವರು ಕೇಪಿನ ಕೋವಿ ಎನ್ನುತ್ತಾರಲ್ಲ, ಅದರ ಅಣ್ಣತಮ್ಮ. ಆಮೇಲೆ ಡಿಸೆಂಬರ್‌ನಲ್ಲಿ ಕೊಂಬಿಲ್ಲದ ಜಿಂಕೆಗಳಿಗಷ್ಟೇ ಮೀಸಲಾದ ಕೆಲವು ಕೋವಿ ದಿನಗಳು. ಹಿಮ ಮೊಣಕಾಲು ಮುಟ್ಟುವ ಈ ಕಡೆಗಾಲವನ್ನೇ ಅಲ್ಲಿನವರು ‘ಕೊನೆಯ ಋತು’ ಎನ್ನುತ್ತಾರೆ. ಈ ಚಳಿಯಲ್ಲಿ ಬಿಲ್ಲು ಹಿಡಿಯುವುದು ಸರಿಯೋ, ಕೋವಿ ಹಿಡಿಯುವುದು ಸರಿಯೋ ಎಂಬ ವಾದ ಅವರಲ್ಲಿ ಮುಗಿಯುವುದೇ ಇಲ್ಲ. ನಾನು ಬೇಟೆಗಾರನಲ್ಲ. ಆದರೆ ಜಿಂಕೆಯ ಕಡೆಯಿಂದ ನೋಡಿದರೆ ಈ ವಾದಕ್ಕೆ ಒಂದು ಉತ್ತರವಿದೆ ಎಂದು ನನಗನ್ನಿಸುತ್ತದೆ.

ಕೊಲ್ಲುವುದಾದರೂ ಯಾಕೆ?

ಮೊದಲು ಈ ಪ್ರಶ್ನೆಯನ್ನೇ ಕೇಳಿಬಿಡೋಣ. 1900ರ ಸುಮಾರಿಗೆ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಅಳಿವಿನಂಚಿಗೆ ಬಂದಿತ್ತು. ಉಳಿದಿದ್ದವು ಕೆಲವೇ ಲಕ್ಷ. ಮಾಂಸಕ್ಕೂ ಚರ್ಮಕ್ಕೂ ಹೊಡೆದು ಮಾರುವುದು ದಂಧೆಯಾಗಿತ್ತು. ಕಾನೂನು ಬಿಗಿಯಾಯಿತು, ಕಾಡು ಮತ್ತೆ ಚಿಗುರಿತು, ಜಿಂಕೆ ಹೆಚ್ಚಿತು. ಆದರೆ ಅಷ್ಟರಲ್ಲಿ ಅದನ್ನು ತಿನ್ನುತ್ತಿದ್ದ ತೋಳಗಳನ್ನು ಮನುಷ್ಯ ಹೊಡೆದುಹಾಕಿದ್ದ. ವಿಸ್ಕಾನ್ಸಿನ್‌ನಲ್ಲಿ 1960ರ ವೇಳೆಗೆ ತೋಳವೇ ಉಳಿದಿರಲಿಲ್ಲ. ಇಂದು ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳ ಸಂಖ್ಯೆ ಮೂರು ಕೋಟಿಯ ಆಸುಪಾಸು ಎಂಬ ಅಂದಾಜಿದೆ.

ತಿನ್ನುವವರಿಲ್ಲದೆ ತಿನ್ನುವ ಬಾಯಿ ಹೆಚ್ಚಿದರೆ ಏನಾಗುತ್ತದೆ? ಎಳೆ ಸಸಿಗಳೆಲ್ಲ ಖಾಲಿ. ಚಳಿಗಾಲದ ಕೊನೆಗೆ ಜಿಂಕೆಗಳು ಹಸಿವಿನಿಂದ ರಾಶಿ ರಾಶಿಯಾಗಿ ಸಾಯುತ್ತವೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್ಡೊ ಲಿಯೊಪೋಲ್ಡ್ ಇದನ್ನು 1940ರ ದಶಕದಲ್ಲೇ ಹೇಳಿದರು. ಹೆಣ್ಣು ಜಿಂಕೆಗಳನ್ನೂ ಹೊಡೆದು ಸಂಖ್ಯೆ ಇಳಿಸಬೇಕೆಂಬುದು ಅವರ ವಾದ. 1943ರಲ್ಲಿ ಸರ್ಕಾರ ಅದಕ್ಕೆ ಒಪ್ಪಿದಾಗ ಒಂದು ಲಕ್ಷಕ್ಕೂ ಹೆಚ್ಚು ಜಿಂಕೆಗಳು ಬಿದ್ದವು. ಜನ ಅದನ್ನು ಮಹಾಪರಾಧ ಎಂದು ಕರೆದು ಲಿಯೊಪೋಲ್ಡರ ಮೇಲೆ ಹರಿಹಾಯ್ದರು. ಸ್ವತಃ ಬಿಲ್ಲು ಕೆತ್ತಿ ಬೇಟೆಗೆ ಹೋಗುತ್ತಿದ್ದ ಮನುಷ್ಯ ಅವರು.

ನಮ್ಮ ಬಂಡೀಪುರ, ನಾಗರಹೊಳೆಗಳಲ್ಲಿ ಈ ಕೆಲಸವನ್ನು ಹುಲಿ, ಚಿರತೆ, ಕೆನ್ನಾಯಿ ಮಾಡುತ್ತವೆ. ಅಲ್ಲಿ ಆ ಕೆಲಸ ಬಹುಮಟ್ಟಿಗೆ ಮನುಷ್ಯನ ಪಾಲಿಗೆ ಬಂದಿದೆ. ಅಲ್ಲಿನ ಮಾತು ಇಲ್ಲಿಗೆ ಒಪ್ಪುವುದಿಲ್ಲ, ಇಲ್ಲಿನದು ಅಲ್ಲಿಗೆ ಒಪ್ಪುವುದಿಲ್ಲ.

ಕ್ರಿಕೆಟ್ ಚೆಂಡಿನಷ್ಟೇ ಶಕ್ತಿ

ಈಗ ಲೆಕ್ಕಕ್ಕೆ ಬರೋಣ. ಪೆನ್ಸಿಲ್ ತೆಗೆದುಕೊಳ್ಳಿ. ಈಗಿನ ರಾಟೆ ಬಿಲ್ಲಿನಿಂದ ಹೊರಡುವ ಬಾಣದ ತೂಕ ಸುಮಾರು 26 ಗ್ರಾಂ, ವೇಗ ಸೆಕೆಂಡಿಗೆ 85 ಮೀಟರ್. ಚಲನಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ಉತ್ತರ ಸುಮಾರು 94 ಜೂಲ್. ಜಿಂಕೆ ಬೇಟೆಯ ರೈಫಲ್ಲಿನ ಗುಂಡು 10 ಗ್ರಾಂ ಕೂಡ ತೂಗದು, ಆದರೆ ವೇಗ 890 ಮೀಟರ್. ಶಕ್ತಿ ಸುಮಾರು 3800 ಜೂಲ್. ಬಾಣದ ನಲವತ್ತು ಪಟ್ಟು!

ಇನ್ನೊಂದು ಲೆಕ್ಕ. ಕ್ರಿಕೆಟ್ ಚೆಂಡಿನ ತೂಕ 160 ಗ್ರಾಂ. ಬೌಲರ್ ಅದನ್ನು ಗಂಟೆಗೆ 126 ಕಿಲೋಮೀಟರ್, ಅಂದರೆ ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಎಸೆದರೆ ಚೆಂಡಿನ ಶಕ್ತಿ 98 ಜೂಲ್. ಬಾಣಕ್ಕಿಂತ ಒಂದು ತೂಕ ಹೆಚ್ಚೇ. ಆದರೂ ಚೆಂಡು ಪಕ್ಕೆಗೆ ಬಡಿದ ಬ್ಯಾಟುಗಾರ ಉಜ್ಜಿಕೊಂಡು ಮತ್ತೆ ಆಡುತ್ತಾನೆ. ಬಾಣ ತಗುಲಿದ ಜಿಂಕೆ ಸಾಯುತ್ತದೆ. ಯಾಕೆ?

ಒತ್ತಡದ ಪಾಠ ನೆನಪಿಸಿಕೊಳ್ಳಿ. ಚೆಂಡಿನ ಬಲ ಅಂಗೈಯಗಲ ಹರಡುತ್ತದೆ. ಬಾಣದ ಬಲವೆಲ್ಲ ಕ್ಷೌರದ ಬ್ಲೇಡಿನಷ್ಟು ಹರಿತವಾದ ಅಂಚಿನ ಮೇಲೆ ಬೀಳುತ್ತದೆ. ಬಾಣ ಬಡಿಯುವುದಿಲ್ಲ, ಕೊಯ್ಯುತ್ತದೆ. ಶ್ವಾಸಕೋಶ ಎರಡನ್ನೂ ಸೀಳಿಕೊಂಡು ಹೋದರೆ ರಕ್ತದೊತ್ತಡ ಕುಸಿದು ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಅಷ್ಟರಲ್ಲಿ ಜಿಂಕೆ ನೂರು ಮೀಟರ್ ಓಡಿರಬಹುದು. ರೈಫಲ್ಲಿನ ಗುಂಡಿನದು ಬೇರೆ ರೀತಿ. ಒಳಗೆ ಹೊಕ್ಕೊಡನೆ ಅಣಬೆಯಂತೆ ಅಗಲವಾಗಿ, ತನ್ನ ದಾರಿಯ ಸುತ್ತಲಿನ ಅಂಗಾಂಶವನ್ನೂ ಹಿಗ್ಗಿಸಿ ಹರಿದುಹಾಕುತ್ತದೆ. ಗುರಿ ನಾಲ್ಕು ಬೆರಳು ಅತ್ತಿತ್ತ ಆದರೂ ಗುಂಡು ಬಹಳ ಸಲ ಕೆಲಸ ಮುಗಿಸಿಬಿಡುತ್ತದೆ. ಬಾಣಕ್ಕೆ ಆ ರಿಯಾಯಿತಿ ಇಲ್ಲ. ಬಿಲ್ಲಿಗೆ ನಾಲ್ಕು ತಿಂಗಳು, ರೈಫಲ್ಲಿಗೆ ಒಂಬತ್ತು ದಿನ ಯಾಕೆಂದು ಈಗ ತಿಳಿಯಿತಲ್ಲ?

ರಾಟೆ ಬಿಲ್ಲಿನ ಬಗ್ಗೆ ಒಂದು ಮಾತು. ಮಿಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಆಲನ್ ಎಂಬಾತನಿಗೆ 1969ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಬಿಲ್ಲಿನ ಎರಡು ತುದಿಗೂ ಓರೆ ರಾಟೆ ಕೂಡಿಸಿದ್ದರಿಂದ ಹೆದೆಯನ್ನು ಪೂರ್ತಿ ಎಳೆದ ಮೇಲೆ ಭಾರ ಇಳಿದುಬಿಡುತ್ತದೆ. ಎಳೆಯುವಾಗ 27 ಕಿಲೋ, ಎಳೆದು ಹಿಡಿದಾಗ ಆರೇಳು ಕಿಲೋ. ನಮ್ಮ ಪುರಾಣದ ಬಿಲ್ಗಾರರಿಗೆ ಈ ಸುಖ ಇರಲಿಲ್ಲ!

ಸದ್ದು ಮೊದಲೋ, ಸಾವು ಮೊದಲೋ?

ಕಡು ಚಳಿಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 320 ಮೀಟರಿನಷ್ಟು ಹೋಗುತ್ತದೆ. ರೈಫಲ್ಲಿನ ಗುಂಡು ಅದಕ್ಕಿಂತ ಎರಡೂವರೆ ಪಟ್ಟು ವೇಗ. ಅಂದರೆ ಗುಂಡು ತಗುಲಿದ ಜಿಂಕೆಗೆ ಢಂ ಎಂದದ್ದು ಮೊದಲು ಕೇಳಿರುವುದೇ ಇಲ್ಲ.

ಬಾಣದ ಕತೆ ತಿರುಗುಮುರುಗು. 30 ಮೀಟರ್ ದೂರದ ಜಿಂಕೆಗೆ ಹೆದೆಯ ಟಂಕಾರ ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ಮುಟ್ಟುತ್ತದೆ. ಬಾಣ ಬರಲು ಮೂರೂವರೆ ಭಾಗ ಬೇಕು. ನಡುವೆ ಜಿಂಕೆಗೆ ಸಿಗುವ ಸಮಯ ಕಾಲು ಸೆಕೆಂಡು. ಅಷ್ಟರಲ್ಲಿ ಏನು ಮಾಡೀತು ಎನ್ನಬೇಡಿ. ಬೆಚ್ಚಿದ ಜಿಂಕೆ ನೆಗೆಯುವ ಮುಂಚೆ ಕಾಲು ಮಡಿಸಿ ಮೈ ತಗ್ಗಿಸುತ್ತದೆ. ಬಿಟ್ಟ ಕಲ್ಲು 0.15 ಸೆಕೆಂಡಿನಲ್ಲಿ 11 ಸೆಂಟಿಮೀಟರ್ ಬೀಳುತ್ತದಲ್ಲ, ಜಿಂಕೆಯ ಎದೆಯೂ ಹಾಗೆಯೇ ಕೆಳಗಿಳಿಯುತ್ತದೆ. ಹೃದಯ, ಶ್ವಾಸಕೋಶ ಇರುವ ಗುರಿಯ ಅಗಲವೇ ಸುಮಾರು 20 ಸೆಂಟಿಮೀಟರ್. ಬಾಣ ಬೆನ್ನ ಮೇಲೆ ಹಾರಿಹೋದರೆ ಜಿಂಕೆಯ ಪುಣ್ಯ. ಬೆನ್ನಿನ ಮಾಂಸದಲ್ಲಿ ನಾಟಿದರೆ ಅದರ ಕರ್ಮ.

ಅದಕ್ಕೇ ಬಿಲ್ಲುಗಾರರ ಹಳೆಯ ಪಾಠ: ದೂರದಿಂದ ಹೊಡೆಯುವುದಲ್ಲ, ಹತ್ತಿರ ಹೋಗುವುದು. 1911ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಊರಿನಲ್ಲಿ ಒಬ್ಬಂಟಿಯಾಗಿ ಕಾಣಿಸಿಕೊಂಡ ಯಾಹಿ ಬುಡಕಟ್ಟಿನ ಇಷಿ, ಸ್ಯಾಕ್ಸ್‌ಟನ್ ಪೋಪ್ ಎಂಬ ಡಾಕ್ಟರಿಗೆ ಬಿಲ್ವಿದ್ಯೆ ಕಲಿಸಿದ. ಪೋಪ್ 1923ರಲ್ಲಿ ಬರೆದ ಪುಸ್ತಕದಿಂದ ಅಮೆರಿಕನ್ನರಿಗೆ ಬಿಲ್ಲಿನ ಹುಚ್ಚು ಹತ್ತಿತು. 1934ರಲ್ಲಿ ವಿಸ್ಕಾನ್ಸಿನ್ ಬಿಲ್ಲಿಗೆಂದೇ ಜಿಂಕೆ ಋತು ತೆರೆಯಿತು.

ಹಿಮ ಬಿದ್ದ ಮೇಲೆ

ಕೊನೆಯ ಋತುವಿನಲ್ಲಿ ಈ ಎಲ್ಲ ಕಷ್ಟಗಳೂ ಇಮ್ಮಡಿಯಾಗುತ್ತವೆ. ನವೆಂಬರ್ ಅಲ್ಲಿನ ಜಿಂಕೆಗಳಿಗೆ ಬೆದೆಯ ಕಾಲ. ಗಂಡುಗಳು ಮೈಮರೆತು ಓಡಾಡುವ ಆಗ ಬಿಲ್ಲುಗಾರನಿಗೆ ಹತ್ತಿರ ಸಿಗುತ್ತವೆ. (ಬೆದೆಯ ಜಿಂಕೆಗೆ ಬಾಣ ಬಿಟ್ಟ ಪಾಂಡುರಾಜ ಏನು ಅನುಭವಿಸಿದನೆಂದು ಮಹಾಭಾರತ ಬಲ್ಲವರಿಗೆ ಹೇಳಬೇಕಿಲ್ಲ.) ಡಿಸೆಂಬರ್ ಹೊತ್ತಿಗೆ ಬದುಕಿ ಉಳಿದವು ವಾರಗಟ್ಟಲೆ ಗುಂಡಿನ ಸದ್ದು ಕೇಳಿದವು, ಮನುಷ್ಯನ ವಾಸನೆ ಕಲಿತವು. ಎಲೆ ಉದುರಿದ ಮರದ ಅಟ್ಟಣೆಯಲ್ಲಿ ಕೂತ ಬೇಟೆಗಾರ ಬೋಳು ಆಕಾಶಕ್ಕೆ ಎದ್ದು ಕಾಣುತ್ತಾನೆ. ಹೆಪ್ಪುಗಟ್ಟಿದ ಹಿಮದ ಮೇಲೆ ಹೆಜ್ಜೆಯಿಟ್ಟರೆ ಹಪ್ಪಳ ಮುರಿದ ಸದ್ದು.

ಜಿಂಕೆಯ ಮೈಯೂ ಬೇರೆಯಾಗಿರುತ್ತದೆ. ಬೆದೆಯ ಓಡಾಟದಲ್ಲಿ ಗಂಡು ತನ್ನ ತೂಕದ ಐದನೇ ಒಂದು ಭಾಗದಷ್ಟನ್ನು ಕಳೆದುಕೊಂಡಿರಬಹುದು. ಎರಡೂ ಲಿಂಗಗಳು ಓಡಾಟ ಕಡಿಮೆ ಮಾಡಿ, ಮೇವು ಕಡಿಮೆ ಮಾಡಿ, ಕೂಡಿಟ್ಟ ಕೊಬ್ಬನ್ನು ಜಿಪುಣನ ಹಾಗೆ ಖರ್ಚು ಮಾಡುತ್ತವೆ. ಒಳಗೆ ಟೊಳ್ಳಾದ ಕೂದಲಿನ ಬೂದು ಕೋಟು ಗಾಳಿಯನ್ನು ಹಿಡಿದಿಟ್ಟು ಶಾಖ ಉಳಿಸುತ್ತದೆ. ಸಂಜೆಯ ಹೊತ್ತು ಕೊಯ್ಲಾದ ಜೋಳದ ಹೊಲಕ್ಕೆ ಬರುತ್ತವೆ, ಬಯಲಿನಲ್ಲಿ, ನೂರು ನೂರೈವತ್ತು ಮೀಟರ್ ದೂರದಲ್ಲಿ. ರೈಫಲ್ಲಿಗೆ ಅದು ಸಲೀಸು. ಬಿಲ್ಲಿಗೆ ಅದು ಬರೀ ಆಸೆ. 40 ಮೀಟರ್ ಹೋಗುವಷ್ಟರಲ್ಲೇ ಬಾಣ ಒಂದು ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ದೂರದ ಅಂದಾಜು ಐದು ಮೀಟರ್ ತಪ್ಪಿದರೂ ಗುರಿ ಕೆಟ್ಟಿತು.

ಇನ್ನು ಮನುಷ್ಯನ ಪಾಡು. ಮೂರು ಗಂಟೆ ಅಲುಗಾಡದೆ ಕೂತವನ ಭುಜ ಮರಗಟ್ಟಿ, ಅಕ್ಟೋಬರ್‌ನಲ್ಲಿ ಸುಲಭವಾಗಿ ಎಳೆದ ಹೆದೆ ಈಗ ಅರ್ಧಕ್ಕೇ ನಿಲ್ಲುತ್ತದೆ. ದಪ್ಪ ಕೋಟಿನ ತೋಳಿಗೆ ಹೆದೆ ತಗುಲಿದರೆ ಬಾಣ ದಿಕ್ಕು ತಪ್ಪುತ್ತದೆ. ಕೋವಿಗೂ ತೊಂದರೆ ಇಲ್ಲದಿಲ್ಲ. ಕೊರೆವ ಕೋವಿಯನ್ನು ಬೆಚ್ಚನೆ ಮನೆಯೊಳಗೆ ತಂದರೆ ಐಸ್ ನೀರಿನ ಲೋಟದ ಹೊರಮೈಯಂತೆ ನಳಿಗೆ ಬೆವರುತ್ತದೆ. ಬಾಯಿಂದ ತುಂಬುವ ಕೋವಿಯಾದರೆ ಮದ್ದು ತೇವಗೊಂಡು ಈಡು ಹಾರುವುದೇ ಇಲ್ಲ.

ಸಿಗದೆ ಹೋದವು

ಬಿಲ್ಲಿನ ಬಗ್ಗೆ ನಮ್ಮಲ್ಲೂ ಅವರಲ್ಲೂ ಒಂದು ಮೋಹವಿದೆ. ಸದ್ದಿಲ್ಲ, ಹೊಗೆಯಿಲ್ಲ, ಸಮಬಲದ ಹೋರಾಟ ಎನ್ನುತ್ತಾರೆ. ಮೇರಿಲ್ಯಾಂಡ್ ರಾಜ್ಯದ ಒಂದು ನೌಕಾನೆಲೆಯಲ್ಲಿ 1989ರಿಂದ 2006ರವರೆಗೆ ತರಬೇತಿ ಪಡೆದ ಬಿಲ್ಲುಗಾರರ ಲೆಕ್ಕ ಇಟ್ಟರು. ಬಾಣ ತಗುಲಿದ ಪ್ರತಿ 100 ಜಿಂಕೆಗಳಲ್ಲಿ ಸುಮಾರು 18 ಕೈಗೆ ಸಿಗಲೇ ಇಲ್ಲ. ಅವುಗಳಲ್ಲಿ ಕೆಲವು ಗಾಯ ಮಾಗಿ ಬದುಕಿಕೊಂಡಿರಬಹುದು. ಮಿಕ್ಕವು ಪೊದೆಯಲ್ಲಿ ಎಷ್ಟು ಹೊತ್ತು ಒದ್ದಾಡಿದವೋ ಕಂಡವರಿಲ್ಲ. ಹೊಟ್ಟೆಗೆ ಬಾಣ ನಾಟಿದ ಜಿಂಕೆ ಗಂಟೆಗಟ್ಟಲೆ ನರಳುತ್ತದೆ. ಸಮಬಲ ಎಂಬ ಮಾತು ಬಿಲ್ಲು ಹಿಡಿದವನ ಸಮಾಧಾನಕ್ಕೆ ಸರಿ, ಜಿಂಕೆಗೆ ಅದರಿಂದ ಬಂದದ್ದೇನು?

ನನ್ನ ಅಭಿಪ್ರಾಯ ಇಷ್ಟು. ಚಳಿಗಾಲದ ಬಯಲಿನಲ್ಲಿ, ಕೊಲ್ಲಲೇಬೇಕೆಂದಾದರೆ, ಗುರಿ ಬಲ್ಲವನ ರೈಫಲ್ಲೇ ಹೆಚ್ಚು ದಯೆಯದು. ಬಿಲ್ಲುಗಾರ 20 ಮೀಟರ್ ಒಳಗೆ ಸಿಕ್ಕರಷ್ಟೇ ಹೆದೆ ಎಳೆಯಬೇಕು, ಇಲ್ಲವೇ ಬರಿಗೈಲಿ ಮನೆಗೆ ಹೋಗಬೇಕು. ಬಹಳ ಮಂದಿ ಹಾಗೆ ಹೋಗುವುದೂ ಉಂಟು. ಇನ್ನೊಂದನ್ನು ಮುಚ್ಚಿಡಬಾರದು: ನವೆಂಬರ್‌ನಲ್ಲಿ ಕೂಡಿದ ಹೆಣ್ಣುಗಳು ಜನವರಿ ಹೊತ್ತಿಗೆ ಎರಡು ತಿಂಗಳ ಬಸುರಿ. ಬಾಣವೋ ಗುಂಡೋ, ಕೊನೆಯ ಋತುವಿನಲ್ಲಿ ಬೀಳುವ ಹೆಣ್ಣು ಬಹುಪಾಲು ಒಂದೇ ಜೀವವಲ್ಲ. ಕೊಂಬಿಲ್ಲದ್ದೆಂದು ಹೊಡೆದದ್ದು ಆಗಷ್ಟೇ ಕೊಂಬು ಉದುರಿಸಿದ ಗಂಡಾಗಿರುವುದೂ ಉಂಟು.

ಹಾಗಾದರೆ ಬಿಲ್ಲಿಗೆ ಜಾಗವೇ ಇಲ್ಲವೇ? ಇದೆ, ಊರಂಚಿನ ಬಡಾವಣೆಗಳಲ್ಲಿ. ರೈಫಲ್ಲಿನ ಗುಂಡು ತಪ್ಪಿದರೆ ನಾಲ್ಕು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಅಟ್ಟಣೆಯಿಂದ ಕೆಳಮುಖವಾಗಿ ಬಿಟ್ಟ ಬಾಣ ಅಲ್ಲೇ ನೆಲಕ್ಕೆ ನಾಟುತ್ತದೆ. ಮನೆಗಳ ನಡುವೆ ಜಿಂಕೆ ಹೆಚ್ಚಿ ಕಾರುಗಳಿಗೆ ಅಡ್ಡಬರುವ ಕಡೆ ಹಲವು ನಗರಗಳು ಬಿಲ್ಲಿಗಷ್ಟೇ ಅನುಮತಿ ಕೊಡುತ್ತವೆ. ಬಿಲ್ಲಿಗೆ ಇನ್ನೊಂದು ಲಾಭವೂ ಇದೆ: ಸೀಸವಿಲ್ಲ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆಂದು ದಾನ ಬಂದ ಜಿಂಕೆ ಮಾಂಸದ ಪೊಟ್ಟಣಗಳನ್ನು ಡಾಕ್ಟರೊಬ್ಬರು ಸ್ಕ್ಯಾನ್ ಮಾಡಿಸಿದಾಗ ಸೀಸದ ಗುಂಡಿನ ಸಣ್ಣ ಚೂರುಗಳು ಕಂಡವು. ಆ ಮಾಂಸವನ್ನು ಹಂಚಬೇಡಿ ಎಂದು ಸರ್ಕಾರ ತಿಳಿಸಿತು. ಬೇಟೆಗಾರ ಬಿಟ್ಟುಹೋದ ಕರುಳು ತಿಂದ ಹದ್ದುಗಳಿಗೂ ಇದೇ ವಿಷ. ಕ್ಯಾಲಿಫೋರ್ನಿಯ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ತಾಮ್ರದಂಥ ಸೀಸವಿಲ್ಲದ ಗುಂಡು ಬಳಸಬೇಕು.

ಅಲ್ಲಿ ಓದುವ ಮಕ್ಕಳಿಗೆ ಮನೆಯವರು ಹೇಳಬೇಕಾದ ಒಂದು ಮಾತಿದೆ. ನವೆಂಬರ್, ಡಿಸೆಂಬರ್‌ಗಳಲ್ಲಿ ಕಾಡಿನ ಕಡೆ ವಾಕಿಂಗ್ ಹೋಗುವುದಾದರೆ ಕಣ್ಣು ಕೋರೈಸುವ ಕಿತ್ತಳೆ ಬಣ್ಣದ ಅಂಗಿ ತೊಡಬೇಕು. ಸದ್ದು ಕೇಳಿ ಬಾಣ ಬಿಟ್ಟ ದಶರಥರು ಎಲ್ಲ ದೇಶದಲ್ಲೂ ಇದ್ದಾರೆ. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಎರಡೇ ಬಗೆ, ಕೆಂಪನ್ನು ಗುರುತಿಸುವ ಬಗೆ ಅದಕ್ಕಿಲ್ಲ. ಆದ್ದರಿಂದ ಮನುಷ್ಯನಿಗೆ ಫರ್ಲಾಂಗು ದೂರಕ್ಕೂ ಹೊಳೆಯುವ ಕಿತ್ತಳೆ ಅದಕ್ಕೆ ಮಾಸಲು ಬಣ್ಣವಾಗಿ ಕಾಣುತ್ತದೆ. ವಿಸ್ಕಾನ್ಸಿನ್‌ನಲ್ಲಿ 2016ರಿಂದ ಹೊಳೆವ ಗುಲಾಬಿ ಬಣ್ಣಕ್ಕೂ ಒಪ್ಪಿಗೆಯಿದೆ. ಕೋವಿ ದಿನಗಳು ನಡೆಯುತ್ತಿರುವಾಗ ಬಿಲ್ಲುಗಾರರೂ ತಮ್ಮ ಎಲೆಬಣ್ಣದ ಉಡುಪಿನ ಮೇಲೆ ಅದನ್ನು ಹಾಕಿಕೊಳ್ಳಲೇಬೇಕು.